ವಾರಿಜಕ್ಕ ಕಳೆದುಹೋದ ಎರಡು ತಾಸು

ಈಚೆಗೆ ನನಗೆ ಸ್ವಲ್ಪ ಜಂಬ ಬಂದಿದೆ ಎಂದು ಮನೆಯಲ್ಲಿ ದೂರು. ದೂರಿನಲ್ಲಿ ತಪ್ಪೇನಿಲ್ಲ, ‘ಸ್ವಲ್ಪ’ ಅನ್ನುವ ಮಾತೊಂದು ಮಾತ್ರ ನನಗೆ ಸರಿಬರುವುದಿಲ್ಲ. ಐವತ್ಮೂರನೆಯ ವಯಸ್ಸಿನಲ್ಲಿ, ಎಡಮೊಣಕಾಲು ಹೂಂ ಅಂದರೆ ಬಲಮೊಣಕಾಲು ಉಹೂಂ ಅನ್ನುವ ಕಾಲದಲ್ಲಿ, ಬೆನ್ನಿಗೆ ಚೀಲ ಏರಿಸಿಕೊಂಡು ವಿಯೆಟ್ನಾಮಿನ ಹನೋಯಿಯಲ್ಲಿ ಆರು ದಿನ ಅಲೆದು ಬಂದವಳಿಗೆ ಎಷ್ಟು ಜಂಬ ಬರಬೇಕೋ ಅಷ್ಟೇ ಬಂದಿದೆ.

ನಾನು ಪುಣೆಯ ಧನಕವಡಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಪ್ರವಾಸಕಥನಗಳ ಕಪಾಟಿನ ಧೂಳು ಒರೆಸುತ್ತಲೇ ಅರ್ಧ ಆಯುಷ್ಯ ಕಳೆದಿದ್ದೇನೆ. ನನ್ನ ಪ್ರವಾಸ ಮಾತ್ರ ಪುಣೆಯಿಂದ ವಿಜಯಪುರಕ್ಕೆ, ವಿಜಯಪುರದಿಂದ ಪುಣೆಗೆ. ಮಧ್ಯೆ ಸೊಲ್ಲಾಪುರದಲ್ಲಿ ಒಂದು ಚಹಾ.

ಇದನ್ನು ಕೆಡಿಸಿದವಳು ರಶ್ಮಿ. ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯವಳು, ಮೈಸೂರಿನವಳು, ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ಕೆಲಸ ಊರಿನ ಇನ್ನೊಂದು ತುದಿಯ ಹಿಂಜವಾಡಿಯಲ್ಲಿ, ಆಫೀಸಿನಲ್ಲಿ ಎಷ್ಟು ಹೊತ್ತೋ ಆಫೀಸಿನ ಕ್ಯಾಬ್ ಗಾಡಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಕೂರುತ್ತಾಳೆ. ಹಾಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕೂತಾಗಲೇ ಅವಳಿಗೆ ಅಗ್ಗದ ವಿಮಾನದ ಟಿಕೆಟ್ ಕಣ್ಣಿಗೆ ಬಿದ್ದದ್ದು. ಮರುದಿನ ಬೆಳಗಿನ ವಾಕಿಂಗಿನಲ್ಲಿ ಕೇಳಿದಳು: “ಸುನಂದಕ್ಕ, ಬರ್ತೀರಾ? ಹೋಟೆಲ್ ಎಲ್ಲ ಇಲ್ಲ, ಹಾಸ್ಟೆಲ್. ಬ್ಯಾಕ್‌ಪ್ಯಾಕ್ ಹಾಕ್ಕೊಂಡು ಸುಮ್ನೆ ಓಡಾಡೋದು. ಫುಲ್ ಬಜೆಟ್ ಟ್ರಿಪ್.”

ನಾನು ಉತ್ತರ ಕೊಡುವ ಮೊದಲೇ ನಮ್ಮ ಹಿಂದಿನಿಂದ ಒಂದು ದನಿ ಬಂತು. “ನಾನೂ ಬರ್ತೇನೆ.”

ಅದು ವಾರಿಜಕ್ಕ. ಕುಂದಾಪುರದ ಕಡೆಯವರು, ವಯಸ್ಸು ಐವತ್ತೆಂಟು. ಅವರ ಯಜಮಾನರದು ನಮ್ಮ ರಸ್ತೆಯ ತುದಿಯಲ್ಲಿ ಉಡುಪಿ ಹೋಟೆಲ್. ಮದುವೆಯಾಗಿ ಬಂದಂದಿನಿಂದ ವಾರಿಜಕ್ಕ ಆ ಹೋಟೆಲಿನ ಅಡಿಗೆಮನೆಯಲ್ಲಿ ಹಿಟ್ಟಿನ ಉಸ್ತುವಾರಿ. ಯಾವ ಅಕ್ಕಿ, ಎಷ್ಟು ನೀರು, ಎಷ್ಟು ಹೊತ್ತು ನೆನೆಯಬೇಕು, ಎಲ್ಲ ಅವರದೇ ಲೆಕ್ಕ. ಆದರೆ ಬಸ್ಸಿನ ಟಿಕೆಟನ್ನು ತಮ್ಮ ಕೈಯಲ್ಲಿ ಹಿಡಿದವರಲ್ಲ. ಅದು ಯಾವಾಗಲೂ ಯಜಮಾನರ ಜೇಬಿನಲ್ಲಿ.

ನಮ್ಮ ಮನೆಯವರು ನನ್ನ ಚೀಲ ನೋಡಿ, “ಏನ್ ಶಾಲಿಗೆ ಹೊಂಟೀಯೇನು? ಡಬ್ಬಿ ಕಟ್ಟಿಕೊಂಡಿ ಇಲ್ಲೊ?” ಅಂದರು. ನಾನು ಸುಮ್ಮನಿರಲಿಲ್ಲ. ಪ್ರತಿವರ್ಷ ಪಂಢರಪುರಕ್ಕೆ ನಡೆದೇ ಹೋಗುವ ವಾರಕರಿಗಳು ನಮ್ಮ ಪುಣೆಯ ಮೇಲೆಯೇ ಹಾದುಹೋಗುತ್ತಾರೆ. ನನಗಿಂತ ದೊಡ್ಡ ವಯಸ್ಸಿನ ಹೆಂಗಸರು, ಕಚ್ಚೆ ಸೀರೆ, ತಲೆಯ ಮೇಲೆ ತುಳಸಿ, ಬೆನ್ನಿಗೆ ಗಂಟು. ಊಟ ಕೊಟ್ಟವರ ಮನೆಯದು, ನಿದ್ದೆ ಸಿಕ್ಕ ಜಗಲಿಯ ಮೇಲೆ. ಬೆನ್ನಿನ ಗಂಟಿಗೆ ಇಂಗ್ಲಿಷ್ ಹೆಸರಿಟ್ಟು ಅದನ್ನು ಹೊಸ ಹುಡುಗರ ಸೊತ್ತು ಎಂದು ಯಾರು ಹೇಳಿದರು ಎಂದು ಅರ್ಧ ತಾಸು ಭಾಷಣ ಮಾಡಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ಹೌದು, ಖರೆ ಅದ. ಮೊಣಕಾಲಿನ ಪಟ್ಟಿ ಮರೀಬ್ಯಾಡ,” ಅಂದರು.

ವಾರಿಜಕ್ಕನ ಯಜಮಾನರು ಮಾತ್ರ ನಗಲಿಲ್ಲ. ಹೊರಡುವ ದಿನ ನನ್ನನ್ನು ಬದಿಗೆ ಕರೆದು, “ಅವಳಿಗೆ ಒಬ್ಬಳೇ ಎಲ್ಲಿಗೂ ಹೋಗಿ ಗೊತ್ತಿಲ್ಲ. ಕೈ ಬಿಡಬೇಡಿ ನೀವು,” ಅಂದರು. “ಬಿಡೂದಿಲ್ರಿ,” ಎಂದು ಮಾತು ಕೊಟ್ಟೆ.

ಹಾಸ್ಟೆಲಿನ ಕೋಣೆಯಲ್ಲಿ ಒಂದರ ಮೇಲೊಂದು ಹಾಸಿಗೆ, ರೈಲಿನ ಹಾಗೆ. ಮೇಲಿನ ಹಾಸಿಗೆ ಯಾರಿಗೆ ಎಂಬ ಪ್ರಶ್ನೆಗೆ ನನ್ನ ಮೊಣಕಾಲು ನಿಂತಲ್ಲೇ ಉತ್ತರ ಕೊಟ್ಟಿತು; ರಶ್ಮಿ ಮೇಲೆ ಹತ್ತಿದಳು. ಮೊದಲ ದಿನವೇ ನಾವು ‘ಚಾಯ್’ ಎಂದು ಕೇಳಿಸುವ ಹೆಸರಿನ ಅಂಗಡಿಗೆ ಖುಷಿಯಿಂದ ನುಗ್ಗಿ ಮೂರು ಬೆರಳು ತೋರಿಸಿದೆವು. ಚಹಾ ಬರಲಿಲ್ಲ. ಮೂರು ತಟ್ಟೆ ಅನ್ನ, ಸೊಪ್ಪು, ಹುರಿದ ತೋಫು ಬಂತು. ಅಲ್ಲಿಯ ಮಾತಿನಲ್ಲಿ ಆ ಶಬ್ದಕ್ಕೆ ಸಸ್ಯಾಹಾರ ಎಂದು ಅರ್ಥವಂತೆ. ತಪ್ಪು ತಿಳಿದುಕೊಂಡು ಹೊಟ್ಟೆ ತುಂಬಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಮುಂದಿನ ಐದು ದಿನ ನಾನು ಆ ಒಂದೇ ಶಬ್ದದ ಮೇಲೆ ಬದುಕಿದೆ.

ಇನ್ನು ಅಲ್ಲಿಯ ರಸ್ತೆ. ಸ್ಕೂಟರುಗಳು ಹೊಳೆಯ ಹಾಗೆ ಹರಿಯುತ್ತಲೇ ಇರುತ್ತವೆ. ಎತ್ತರದ ಬಿಳಿಯ ಪ್ರವಾಸಿಗರು ಅಂಚಿನಲ್ಲಿ ನಿಂತು ದೇವರ ಧ್ಯಾನ ಮಾಡುತ್ತಿದ್ದರು. ನಾನು ಪುಣೆಯ ಕಾತ್ರಜ್ ಚೌಕದ ಟ್ರಾಫಿಕ್ಕಿನಲ್ಲಿ ತಯಾರಾದ ಹೆಣ್ಣು. ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ಕೈ ಅಡ್ಡ ಚಾಚಿ, ಅದೇ ನಡಿಗೆಯಲ್ಲಿ ನಡೆದೆ. ಹೊಳೆ ಎರಡಾಗಿ ದಾರಿ ಬಿಟ್ಟಿತು. ಒಬ್ಬ ವಿದೇಶಿ ಚಪ್ಪಾಳೆ ತಟ್ಟಿದ. ಆಗ ತಲೆಗೇರಿದ ಜಂಬ ಎರಡನೆಯ ದಿನ ಕೈಕೊಟ್ಟಿತು.

ಹಳೆಯ ಪೇಟೆಯಲ್ಲಿ ಗಲ್ಲಿಗೊಂದೇ ಸರಕು. ಒಂದರಲ್ಲಿ ಬರೀ ಬುಟ್ಟಿ, ಇನ್ನೊಂದರಲ್ಲಿ ಬರೀ ತಗಡಿನ ಡಬ್ಬಿ. ವಾರಿಜಕ್ಕನ ಭುಜ ನೋಯುತ್ತಿದೆಯೆಂದು ಅವರ ಚೀಲವನ್ನೂ ನಾನೇ ಹೊತ್ತಿದ್ದೆ. ಒಂದು ದೊಡ್ಡ ರಸ್ತೆ ಬಂತು. ನಾನು ಗತ್ತಿನಲ್ಲಿ ಮುಂದೆ, ರಶ್ಮಿ ನನ್ನ ಹಿಂದೆ. ಆ ದಡ ಮುಟ್ಟಿ ತಿರುಗಿ ನೋಡಿದರೆ ವಾರಿಜಕ್ಕ ಇಲ್ಲ.

ಮರಳಿ ದಾಟಿದೆವು. ಇಲ್ಲ. ಬುಟ್ಟಿಯ ಗಲ್ಲಿಯಲ್ಲಿ ಇಲ್ಲ, ಡಬ್ಬಿಯ ಗಲ್ಲಿಯಲ್ಲಿ ಇಲ್ಲ. ರಶ್ಮಿ ಫೋನ್ ಮಾಡಿದಳು. ನನ್ನ ಬೆನ್ನ ಮೇಲೆ ರಿಂಗಾಯಿತು. ಆ ಸಪ್ಪಳ ನನಗೆ ಇನ್ನೂ ಕಿವಿಯಲ್ಲಿದೆ. ಅವರ ಫೋನು, ಪಾಸ್‌ಪೋರ್ಟು, ಹಾಸ್ಟೆಲಿನ ವಿಳಾಸದ ಚೀಟಿ, ಎಲ್ಲವೂ ನಾನು ಹೊತ್ತ ಚೀಲದಲ್ಲಿದ್ದವು. ಅವರ ಹತ್ತಿರ ಇದ್ದದ್ದು ಅವರೊಬ್ಬರೇ.

“ಪ್ಲಾನ್ ಮಾಡಿದ್ದೇ ನಾನು. ಅಂಕಲ್‌ಗೆ ಏನಂತ ಹೇಳ್ಲಿ?” ಎಂದು ರಶ್ಮಿ ಅಳತೊಡಗಿದಳು. ನಾನು ಅಳಲಿಲ್ಲ; ಮತ್ತೆ ಗಲ್ಲಿಯತ್ತ ಹೊರಟೆ. ಮಾತು ಕೊಟ್ಟವಳು ನಾನಲ್ಲವೇ.

ಹಿಂದಿನ ದಿನ ಮೂವರೂ ತೆಗೆಸಿಕೊಂಡಿದ್ದ ಫೋಟೋ ತೋರಿಸುತ್ತ ಅಂಗಡಿ ಅಂಗಡಿ ಹತ್ತಿ ಇಳಿದೆವು. ಎಲ್ಲರೂ ಪ್ರೀತಿಯಿಂದ ನೋಡಿದರು, ಪ್ರೀತಿಯಿಂದಲೇ ತಲೆ ಅಲ್ಲಾಡಿಸಿದರು. ಎರಡು ತಾಸು ಹೋಯಿತು. ಇನ್ನು ಪೊಲೀಸರ ಹತ್ತಿರ ಹೋಗುವುದೇ ಎಂದು ಅಂದುಕೊಳ್ಳುವಾಗ, ಸೈಕಲ್ಲಿನ ಮೇಲೆ ಹೂವು ಮಾರುವ ಹೆಂಗಸೊಬ್ಬಳು ಫೋಟೋದ ಮೇಲೆ ಬೆರಳಿಟ್ಟು ಜೋರಾಗಿ ನಕ್ಕಳು. ನನ್ನ ಸೆರಗಿನ ತುದಿ ಹಿಡಿದು ಒಂದು ಕಿರುಗಲ್ಲಿಗೆ ಎಳೆದುಕೊಂಡು ಹೋದಳು.

ಗಲ್ಲಿಯ ತುಂಬ ಹಬೆ. ದೊಡ್ಡ ಪಾತ್ರೆಯ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಅದರ ಮೇಲೆ ಅಕ್ಕಿಹಿಟ್ಟು ತೆಳ್ಳಗೆ ಸವರಿ, ಹಬೆಯಲ್ಲಿ ಬೆಂದ ಹಾಳೆಯನ್ನು ಬಿದಿರಿನ ಕಡ್ಡಿಯಿಂದ ಎತ್ತುವ ಅಂಗಡಿ ಅದು. ಪಾತ್ರೆಯ ಒಂದು ಬದಿಗೆ ಅಂಗಡಿಯ ಮುದುಕಿ. ಇನ್ನೊಂದು ಬದಿಗೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೌಟು ಹಿಡಿದು ವಾರಿಜಕ್ಕ. ಎದುರಿಗೆ ನಾಲ್ಕಾರು ಗಿರಾಕಿಗಳು ಕಾಯುತ್ತಿದ್ದರು.

ನಮ್ಮನ್ನು ನೋಡಿ ಅವರು ಎದ್ದೇಳಲಿಲ್ಲ. “ಎಲ್ಲಿಗೆ ಹೋಗಿದ್ರಿ ಮಾರಾಯ್ರೆ ನೀವು? ಕೂತ್ಕೊಳ್ಳಿ. ಹಿಟ್ಟು ಸ್ವಲ್ಪ ದಪ್ಪ ಇತ್ತು, ಈಗ ಸರಿಯಾಯ್ತು.”

ರಶ್ಮಿ ಅವರನ್ನು ತಬ್ಬಿಕೊಂಡು ಅತ್ತಳು. ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮುದುಕಿ ಒಂದು ತಟ್ಟೆ ನನ್ನ ಕೈಗಿಟ್ಟಳು. ಒಳಗೆ ಮಾಂಸ ತುಂಬದ, ಬರಿಯ ಬಿಳಿ ಹಾಳೆ. ನನ್ನ ಊಟದ ವಿಷಯವನ್ನೂ ವಾರಿಜಕ್ಕ ಅದು ಹೇಗೋ ಆಗಲೇ ತಿಳಿಸಿಯಾಗಿತ್ತು. ತೆಳ್ಳಗೆ, ಮೆತ್ತಗೆ, ನೀರುದೋಸೆಯ ದೂರದ ತಂಗಿ.

ನಡೆದದ್ದನ್ನು ಅವರು ಹಾಸ್ಟೆಲಿಗೆ ಬಂದ ಮೇಲೆ ಹೇಳಿದರು. ಮೊದಲು ಸಿಕ್ಕ ಗಲ್ಲಿಗೆ ಹೊಕ್ಕು ನಮ್ಮನ್ನು ಹುಡುಕಿದರಂತೆ. ಕಣ್ಣೀರೂ ಬಂತಂತೆ. “ಬೋರ್ಡು ಓದ್ಲಿಕ್ಕೆ ಬರುದಿಲ್ಲ, ಮಾತು ಗೊತ್ತಿಲ್ಲ. ಆಗ ಅಕ್ಕಿಹಿಟ್ಟು ಬೇಯುವ ವಾಸನೆ ಬಂತು ನೋಡಿ. ಅದೊಂದು ನನಗೆ ಗೊತ್ತಿತ್ತು. ವಾಸನೆ ಹಿಡ್ಕೊಂಡು ಹೋದೆ. ನಮ್ಮ ಹೋಟೆಲಲ್ಲಿ ಮಕ್ಕಳು ತಪ್ಪಿಸಿಕೊಂಡ್ರೆ ಗಲ್ಲಾಪೆಟ್ಟಿಗೆ ಹತ್ರ ಕೂರಿಸ್ತೇವಲ್ಲ? ಒಂದು ಕಡೆ ಕೂತ್ರೆ ನೀವು ಬಂದೇ ಬರ್ತೀರಿ ಅಂತ ಕೂತೆ. ಸುಮ್ಮನೆ ಕೂತು ಎಂತ ಮಾಡುದು, ಸೌಟು ತಕ್ಕೊಂಡೆ.”

“ಯಾವ ಭಾಷಾದಾಗ ಮಾತಾಡಿದ್ರಿ?” ಎಂದೆ.

“ನಾನು ಕುಂದಾಪುರದ್ದು ಆಡಿದೆ, ಅವರು ಅವರದ್ದು. ಹಿಟ್ಟಿನ ವಿಷಯ ಅಲ್ವಾ, ಅರ್ಥ ಆಗ್ತದೆ.”

ಯಜಮಾನರಿಗೆ ಹೇಗೆ ಹೇಳುವುದೆಂದು ನಾನೂ ರಶ್ಮಿಯೂ ಪಿಸುಗುಡುತ್ತಿದ್ದಾಗ ವಾರಿಜಕ್ಕ ತಾವೇ ಫೋನು ಹಚ್ಚಿದರು. “ಹೌದು, ಕಳೆದುಹೋಗಿದ್ದೆ. ಇಲ್ಲ, ಅವರದ್ದೆಂತ ತಪ್ಪಿಲ್ಲ. ಕೇಳಿ ಇಲ್ಲಿ, ಇವರು ಉದ್ದು ಹಾಕುದೇ ಇಲ್ಲ, ಆದ್ರೂ ಹಾಳೆ ಹರಿಯುದಿಲ್ಲ.”  ಆ ಕಡೆಯಿಂದ, ಯಾವ ಅಕ್ಕಿಯಂತೆ ಎಂಬ ಪ್ರಶ್ನೆ ಕೇಳಿಸಿತು. ಗಂಡ ಹೆಂಡತಿ ಅಕ್ಕಿಯ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು.

ಆ ಊರಿನ ಹೆಸರಾಂತ ಜಾಗಗಳನ್ನು ನಾವು ಎಲ್ಲವನ್ನೂ ನೋಡಲಿಲ್ಲ. ನೋಡಿದವುಗಳ ಹೆಸರೂ ಈಗ ನಾಲಿಗೆಗೆ ಬರುವುದಿಲ್ಲ. ಯಾರಾದರೂ ಅಲ್ಲಿ ಏನು ನೋಡಿದಿರಿ ಎಂದರೆ ನಾನು ವಾರಿಜಕ್ಕನನ್ನು ನೋಡಿದೆ ಎನ್ನುತ್ತೇನೆ. ಹದಿನೆಂಟು ವರ್ಷದಿಂದ ಅದೇ ರಸ್ತೆಯಲ್ಲಿ ದಿನಾ ನೋಡುತ್ತಿದ್ದೆ, ಕಂಡದ್ದು ಅಲ್ಲಿ. ನಾನು ಅವರನ್ನು ಕಾಯಲು ಹೋದವಳು ಎಂದುಕೊಂಡಿದ್ದೆನಲ್ಲ, ಅದನ್ನು ನೆನೆದರೆ ನಗು ಬರುತ್ತದೆ.

ಕೊನೆಯ ದಿನ ಬೆಳಗ್ಗೆ ನನಗೆ ಎಚ್ಚರವಾದಾಗ ವಾರಿಜಕ್ಕ ತಲೆ ಬಾಚಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಚೀಲವಿಲ್ಲ, ಫೋನಿಲ್ಲ.

“ನೀವಿಬ್ರೂ ಮಲಗಿ. ನಾನು ಸ್ವಲ್ಪ ಕಳೆದುಹೋಗಿ ಬರ್ತೇನೆ.”

ಮೇಲಿನ ಹಾಸಿಗೆಯಿಂದ ರಶ್ಮಿ ಫೋನು ಹಿಡಿದ ಕೈ ಕೆಳಗೆ ಚಾಚಿದಳು. ನನ್ನ ಮುಖ ನೋಡಿ ಹಿಂದೆ ತೆಗೆದುಕೊಂಡಳು.

ನಾನು ಹೊದಿಕೆಯನ್ನು ಮತ್ತೆ ಗದ್ದದವರೆಗೆ ಎಳೆದುಕೊಂಡು ಹೇಳಿದೆ: “ಆತ್ರಿ, ಹೋಗಿ ಬರ್ರಿ. ಬರೂ ಮುಂದ ಒಂದು ಡಜನ್ ಬಾಳೆಹಣ್ಣು ತಗೊಂಡು ಬರ್ರಿ.”