ಹಗ್ಗ ಹಿಡಿದವರ ಮೇಲಿನ ಮುನಿಸು

ಮೊನ್ನೆ ಹಿಂದೂಪುರದ ಆಸ್ಪತ್ರೆಯಲ್ಲಿ ಮೊಮ್ಮಗಳಿಗೆ ಲಸಿಕೆ ಹಾಕಿಸುವಾಗ ಸೊಸೆ ಮಗುವನ್ನು ನನ್ನ ತೊಡೆಗೆ ದಾಟಿಸಿ ಹೊರಗೆ ಹೋಗಿ ನಿಂತಳು. ನರ್ಸಮ್ಮ ಸ್ಪಿರಿಟ್ ಹತ್ತಿ ಒತ್ತಿದ್ದೇ ತಡ, ಆ ವಾಸನೆಗೆ ನನಗೆ ಪಕ್ಕದ ಮನೆಯ ಮಾವ ನೆನಪಾದರು... ಅವರ ಗಿಡ್ಡ ಕುದುರೆಯೂ.

ನನ್ನ ಸೊಂಟದೆತ್ತರದ ಕುದುರೆ ಅದು. ಮದುವೆ ಮೆರವಣಿಗೆಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಡೆಯುತ್ತಿತ್ತು. ಕಾಲಿಗೆ ಮೊಳೆ ಚುಚ್ಚಿ ಧನುರ್ವಾಯು ಆಗಬಾರದೆಂದು ಮಾವ ವರ್ಷಕ್ಕೊಮ್ಮೆ ಅದಕ್ಕೆ ಇಂಜೆಕ್ಷನ್ ಹಾಕಿಸುತ್ತಿದ್ದರು. ಬಿಸಿಲೇರುವ ಮೊದಲೇ ದನದ ಡಾಕ್ಟರು ಬರಬೇಕು, ಹಿಂದೆ ಯಾರೂ ನಿಲ್ಲಬಾರದು, ಸೂಜಿ ತೆಗೆದ ಮೇಲೆ ಅದರ ಉಸಿರು ನೋಡುತ್ತ ಕೂರಬೇಕು, ಮಾರನೆಯ ದಿನ ಅದಕ್ಕೆ ಕೆಲಸವಿಲ್ಲ. ಇಷ್ಟು ಕಟ್ಟುನಿಟ್ಟಿನ ಮನುಷ್ಯ, ಹಗ್ಗ ಹಿಡಿಯುವ ಕೆಲಸ ಮಾತ್ರ ನನ್ನ ತಲೆಗೆ ಕಟ್ಟುತ್ತಿದ್ದರು.

“ನೀನೇ ಹಿಡ್ಕಳಮ್ಮ. ನಾನ್ ಹಿಡುದ್ರೆ ನನ್ ಮ್ಯಾಲೆ ಮುನಿಸ್ಕಂಬುಡ್ತೈತೆ.”

ಎಲ್ಲ ಮುಗಿದ ಮೇಲೆ ಏನೂ ಅರಿಯದವರಂತೆ ಬೆಲ್ಲ ಹಿಡಿದು ಬಂದು, “ಏಮೀ ಕಾದು ರಾ”, ಏನೂ ಆಗಲ್ಲ ಕಣೋ, ಎಂದು ಅದರ ಕತ್ತು ಸವರುವರು. ಕನ್ನಡ ನಮಗೆ, ತೆಲುಗು ಕುದುರೆಗೆ! ಅದು ಅವರ ಅಂಗೈ ನೆಕ್ಕುತ್ತಿತ್ತು. ನನ್ನನ್ನು ಕಂಡರೆ ವಾರವಿಡೀ ಕಿವಿ ಹಿಂದಕ್ಕೆ ಮಡಿಚುತ್ತಿತ್ತು. ನನಗೂ ಸಿಟ್ಟು ಬರುತ್ತಿತ್ತು.

ಆಮೇಲೆ ಮಾವನಿಗೆ ಉಬ್ಬಸ ಹೆಚ್ಚಿತು. ಕುದುರೆಯ ಕೂದಲೇ ಆಗಿಬರುತ್ತಿಲ್ಲ ಎಂದರು ಆಸ್ಪತ್ರೆಯಲ್ಲಿ. ಕಲ್ಯಾಣದುರ್ಗದಲ್ಲಿದ್ದ ಅವರ ತಮ್ಮನ ಮನೆಗೆ ಅದನ್ನು ಕಳಿಸುವುದೆಂದಾಯಿತು. ಹಿಂದೊಮ್ಮೆ ಮಾವ ಸೆಟ್ಟೂರಿಗೆ ಹೋಗಿ ಉಳಿದಾಗ ಅದು ಬೇರೆಯವರು ಹಾಕಿದ ಹುಲ್ಲು ಮುಟ್ಟಿರಲಿಲ್ಲ. ಅಲ್ಲಿ ತಿನ್ನದೆ ಸತ್ತರೆ? ಅವರಿಗೆ ಅದೊಂದೇ ಚಿಂತೆ.

ಕಳಿಸುವ ವಾರವೇ ಇಂಜೆಕ್ಷನ್ನೂ ಬಂತು. ಮಾವ ಬೆಲ್ಲವನ್ನು ನನ್ನ ಕೈಗಿಟ್ಟು, ಹಗ್ಗವನ್ನು ತಾವೇ ಬಿಗಿಯಾಗಿ ಹಿಡಿದರು. ತೆಲುಗಿನಲ್ಲಿ ಒಂದು ಮಾತೂ ಇಲ್ಲ. ಕುದುರೆ ಒದ್ದಾಡುತ್ತ ಅವರನ್ನೇ ನೋಡುತ್ತಿತ್ತು. ನನಗೆ ತಲೆಬುಡ ತಿಳಿಯಲಿಲ್ಲ.

“ಇದೇನ್ ಮಾವ?”

“ಸುಮ್ಕಿರಮ್ಮ. ಬೆಲ್ಲ ಕೊಡು.”

ಅದು ನನ್ನ ಅಂಗೈ ನೆಕ್ಕಿತು. ಮಾವ ಹತ್ತಿರ ಬಂದರೆ ಮುಖ ತಿರುಗಿಸಿತು. ಟೆಂಪೋ ಹತ್ತುವಾಗಲೂ ಅವರತ್ತ ನೋಡಲಿಲ್ಲ.

ಮಾರನೆಯ ದಿನ ಕಲ್ಯಾಣದುರ್ಗದಿಂದ ಫೋನು ಬಂತು. ಮೇವು ತಿಂದಿದೆ, ಹೊಟ್ಟೆ ತುಂಬ. “ಬದುಕ್ಕಂತು ಕಣಮ್ಮ” ಎಂದು ಮಾವ ನಕ್ಕರು. ನಗುತ್ತಲೇ ಒಳಗೆ ಹೋಗಿ ಕದ ಹಾಕಿಕೊಂಡರು. ತಮ್ಮ ಮೇಲೆ ಮುನಿಸಿಕೊಂಡರೆ ಬೇರೆಯವರ ಕೈಲಿ ತಿಂದೀತು ಎಂದೇ ಹಾಗೆ ಮಾಡಿದರೋ ಏನೋ... ನಾನು ಕೇಳಲಿಲ್ಲ.

ಮಾವ ಈಗಿಲ್ಲ. ಕಲ್ಯಾಣದುರ್ಗಕ್ಕೆ ಒಮ್ಮೆಯೂ ಹೋಗಲಿಲ್ಲ ಅವರು. ಮೊನ್ನೆ ಮೊಮ್ಮಗಳು ಸಂಜೆಗೆಲ್ಲ ಮರೆತು ಮತ್ತೆ ನನ್ನ ತೊಡೆಯೇರಿದಳು. ಕುದುರೆಯೂ ಹಾಗೇ ಮರೆತು ಅವರ ದಾರಿ ಕಾದಿತೋ, ಮುನಿಸಲ್ಲೇ ಉಳಿಯಿತೋ... ಎರಡರಲ್ಲಿ ಯಾವುದಾಗಿದ್ದರೆ ಚೆನ್ನ ಎಂದು ಇವತ್ತಿಗೂ ನನಗೆ ಗೊತ್ತಾಗುತ್ತಿಲ್ಲ.