ಮಲಗಿದ ಎತ್ತು

ಕಾಶಿಬಾಯಿ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ನೆಲದ ಮೇಲೆ ಕೂರುತ್ತಿದ್ದರು. ಎದುರಿಗೆ ನನ್ನ ಮೊಮ್ಮಗಳು ಶ್ರಾವಣಿ, ಮೂರೂವರೆ ವರ್ಷದವಳು, ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದಳು. ಹತ್ತು ನಿಮಿಷ, ಹದಿನೈದು ನಿಮಿಷ. ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಹೋಗುತ್ತಿತ್ತು. ಸಿಟ್ಟಿಗೆದ್ದು ಅಳುತ್ತಿದ್ದಳು, ಕಿತ್ತು ಮತ್ತೆ ಹಾಕುತ್ತಿದ್ದಳು. ಟಿಕೋಟಾದಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಆರಿಸುವ ಹೆಂಗಸರಲ್ಲಿ ಕಾಶಿಬಾಯಿಯಷ್ಟು ಚುರುಕು ಕೈ ಯಾರದೂ ಇರಲಿಲ್ಲವಂತೆ. ಅಂಥ ಕೈಗಳ ಮೇಲೆ ಅವರು ತಾವೇ ಕೂತುಬಿಡುತ್ತಿದ್ದರು.

ನಾನು ಒಮ್ಮೆ ಚೇಷ್ಟೆ ಮಾಡಿದೆ. "ಏನ್ರಿ ಬೀಗತೇರ, ಕೈಗೆ ಥಂಡಿ ಹತ್ತೈತೇನು?"

"ಥಂಡಿ ಅಲ್ರಿ ಬೀಗ್ರ. ಬಿಟ್ರ ಕೂಸಿನ ಅಂಗಿಗೆ ಓಡಿ ಹೋಗ್ತಾವ. ಅದಕ್ಕ ಕಟ್ಟಿ ಹಾಕೀನಿ."

ಇದನ್ನೆಲ್ಲ ಬರೆಯಬೇಡ, ಮನೆಯ ಮಾತು ಮನೆಯಲ್ಲಿರಲಿ ಎಂದು ಮಗ ಹೇಳಿದ. ಬರೆಯುತ್ತೇನೆ. ಅವರು ನಮ್ಮ ಮನೆಯಲ್ಲಿದ್ದಾಗ ಬೆನ್ನ ಹಿಂದೆ ಅವರನ್ನು 'ಆಕಿ' ಎಂದವನು ನಾನು. ಈಗ 'ಅವರು' ಎಂದು ಬರೆಯುತ್ತಿದ್ದೇನೆ. ಯಾರಿಗಾದರೂ ಇದು ಮುದುಕನ ಸೋಗು ಅನಿಸಿದರೆ ಅನಿಸಲಿ.

ಕಾಶಿಬಾಯಿ ನನ್ನ ಸೊಸೆ ಸುನಂದಾಳ ತಾಯಿ. ತವರು ಬಬಲೇಶ್ವರ, ಕೊಟ್ಟ ಮನೆ ಟಿಕೋಟಾ. ನನ್ನ ಹೆಂಡತಿ ತೀರಿಕೊಂಡ ಮೇಲೆ ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಹಗಲು ಕೂಸನ್ನು ನೋಡಿಕೊಳ್ಳುವವರು ಇರಲಿಲ್ಲ. ಸುನಂದಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮಗನಿಗೆ ಸ್ಟೇಷನ್ ರಸ್ತೆಯಲ್ಲಿ ಮೋಟಾರು ರಿಪೇರಿ ಅಂಗಡಿ. ನಾನಿದ್ದೆ, ಆದರೆ ಬಸ್ ಕಂಡಕ್ಟರನಾಗಿ ಮೂವತ್ತೆರಡು ವರ್ಷ ಸೀಟಿ ಊದಿದವನಿಗೆ ಕೂಸನ್ನು ಹೇಗೆ ಹಿಡಿಯುವುದೆಂದೇ ಗೊತ್ತಿರಲಿಲ್ಲ. ಹೀಗಾಗಿ ಬೀಗತಿ ಬಂದರು.

ನಮ್ಮ ಕಡೆ ಹೆಣ್ಣು ಕೊಟ್ಟವರು ಮಗಳ ಮನೆಯಲ್ಲಿ ಬಹಳ ದಿನ ಉಳಿಯುವುದಿಲ್ಲ. ಒಂದು ಹೊತ್ತು ಉಣ್ಣಲೂ ಹಿಂದೆಮುಂದೆ ನೋಡುತ್ತಾರೆ. ಕಾಶಿಬಾಯಿ ಬಂದ ದಿನವೇ ತಾವೇ ತಾಟು ತೆಗೆದುಕೊಂಡು ನನ್ನೆದುರಿಗೆ ಊಟಕ್ಕೆ ಕೂತರು. ನಾನು ಹುಬ್ಬೇರಿಸಿದ್ದು ಅವರಿಗೆ ಕಂಡಿತು.

"ನಾ ಬೀಗತಿ ಆಗಿ ಬಂದಿಲ್ರಿ. ಕೂಸಿನ ಕೆಲಸಕ್ಕ ಬಂದೀನಿ. ಕೆಲಸಾ ಮಾಡಾಕಿ ಉಣ್ಣಬೇಕು," ಎಂದು ಎರಡನೆಯ ರೊಟ್ಟಿ ಮುರಿದರು.

'ಇವತ್ತು ಇದನ್ನು ಮಾಡೋಣ' ಎಂದು ಬೆಳಗಿನಲ್ಲಿ ಅವರು ಕೂಸಿಗೆ ಎಂದೂ ಹೇಳಲಿಲ್ಲ. ಅದು ಎಲ್ಲಿ ಹೋಗಿ ನಿಂತಿತೋ ಅಲ್ಲೇ ಅವರ ಶಾಲೆ. ಒಂದು ವಾರ ಶ್ರಾವಣಿ ಹಿತ್ತಿಲ ನಲ್ಲಿಯನ್ನು ಬಿಟ್ಟು ಬರಲಿಲ್ಲ. ಚರಗಿಯಿಂದ ಬಾಟಲಿಗೆ, ಬಾಟಲಿಯಿಂದ ಲೋಟಕ್ಕೆ ನೀರು ಸುರಿಯುವುದೇ ಕೆಲಸ. ಇನ್ನೊಂದು ವಾರ ಕಾಳು ಕೇರುವ ಮರದಲ್ಲಿ ಜೋಳ, ತೊಗರಿ, ಹೆಸರು ಬೆರೆಸಿ ಬೇರೆ ಮಾಡುವುದು. ಕಣ್ಣು ಮುಚ್ಚಿ ಬೆರಳಿನಿಂದಲೇ ಆರಿಸುವ ಆಟವನ್ನು ಕೂಸೇ ಹುಡುಕಿತು. "ಆಯಿ, ಇದು ತೊಗರಿ ಹೌದಲ್ಲ?" ಎಂದು ಕೇಳಿದರೆ ಉತ್ತರ ಒಂದೇ. "ನನ್ನ ಯಾಕ ಕೇಳ್ತಿ ಬೇ? ನಿನ್ನ ಬೆರಳಿಗೆ ಕೇಳು."

ನನಗೆ ಮೈ ಉರಿಯುತ್ತಿತ್ತು. ಗಾಂಧಿ ಚೌಕದ ಚಹಾ ಅಂಗಡಿಯಲ್ಲಿ ನನ್ನ ಹಳೆಯ ಜೋಡಿ, ಡ್ರೈವರ್ ಬಸಪ್ಪ, ತನ್ನ ಮೊಮ್ಮಗ ಇಂಗ್ಲಿಷಿನಲ್ಲಿ ಹನ್ನೆರಡು ತಿಂಗಳ ಹೆಸರು ಹೇಳುತ್ತಾನೆಂದು ದಿನಾ ಹೇಳುತ್ತಿದ್ದ. ಶ್ರಾವಣಿಯನ್ನು ದೊಡ್ಡ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂಬುದು ನನ್ನ ಹಟ. ಅಲ್ಲಿ ಸೇರಿಸಿಕೊಳ್ಳುವ ಮೊದಲು ಕೂಸನ್ನು ಕೂರಿಸಿ ಪ್ರಶ್ನೆ ಕೇಳುತ್ತಾರೆ.

"ಸಾಲ್ಯಾಗ ತೊಗರಿ ಕೇಳೂದಿಲ್ರಿ, ಎ ಬಿ ಸಿ ಡಿ ಕೇಳ್ತಾರ," ಎಂದೆ.

"ಕಲೀಲಿ, ನಾ ಬ್ಯಾಡ ಅನ್ನೂದಿಲ್ಲ. ಮೊದಲ ಬೆರಳಿಗೆ ಬಲಾ ಬರಲಿ. ಅಕ್ಷರೇನು ಬಸ್ಸೇನ್ರಿ, ತಪ್ಪಿ ಹೋಗಾಕ? ಮೂವತ್ತೆರಡು ವರ್ಷ 'ಮುಂದ ಸರೀರಿ, ಮುಂದ ಸರೀರಿ' ಅಂತ ಮಂದಿನ್ನ ನೂಕೀರಿ. ಕೂಸಿನ್ನ ನೂಕಬ್ಯಾಡ್ರಿ."

ಅದೇ ವಾರ ಶ್ರಾವಣಿ ಹಿತ್ತಿಲಿನಿಂದ ಪಡಸಾಲೆಯವರೆಗೆ ತುಂಬಿದ ಲೋಟ ಹಿಡಿದು, ನಾಲಿಗೆ ಹೊರಗೆ ಚಾಚಿ, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. "ಮುತ್ಯಾ, ಚೆಲ್ಲಲಿಲ್ಲ!" ಎಂದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಆ ನೀರು ನಾನು ಕುಡಿಯಲಿಲ್ಲ.

ಮಣ್ಣೆತ್ತಿನ ಅಮವಾಸ್ಯೆ ಬಂತು. ಅಂದು ಮಣ್ಣಿನ ಎತ್ತು ಮಾಡಿ ಪೂಜಿಸುವುದು ನಮ್ಮಲ್ಲಿ ಮನೆಮನೆಯ ಪದ್ಧತಿ. ಕಾಶಿಬಾಯಿ ಬಬಲೇಶ್ವರದ ತಮ್ಮನ ಹೊಲದಿಂದ ಒಂದು ಚೀಲ ಕರಿ ಮಣ್ಣು ತರಿಸಿದ್ದರು. ಅಜ್ಜಿ ಮೊಮ್ಮಗಳು ಸೇರಿ ಹರಳು ಆರಿಸಿ, ನೀರು ಹಾಕಿ, ತುಳಿದು ಹದ ಮಾಡಿದರು. ಆಮೇಲೆ ಎತ್ತು ಮಾಡಿದ್ದು ಕೂಸೊಂದೇ. ಮೂರು ದಿನ ಮಾಡಿತು, ಕೆಡಿಸಿತು, ಮತ್ತೆ ಮಾಡಿತು. ಕಾಶಿಬಾಯಿಯ ಕೈ ತೊಡೆಯ ಕೆಳಗೆ.

ಅಮವಾಸ್ಯೆಯ ಬೆಳಿಗ್ಗೆ ದೇವರ ಮುಂದೆ ನೋಡುತ್ತೇನೆ, ಎರಡು ಮಣ್ಣಿನ ಗಡ್ಡೆ. ಕೋಡಿದ್ದವು, ಬೆನ್ನ ಮೇಲೆ ಇಣಿಯ ಉಬ್ಬು ಇತ್ತು, ಕಾಲೇ ಇರಲಿಲ್ಲ. ಮುಂದೆ ಮೇವು ಹಾಕುವ ಪುಟ್ಟ ಗೋದಲಿ, ಅದರಲ್ಲಿ ನಾಲ್ಕು ಕಾಳು ಜೋಳ. ಕಾಲಿಲ್ಲದ ಎತ್ತಿಗೆ ಪೂಜೆಯೆ? ನಾನು ಗಾಂಧಿ ಚೌಕಕ್ಕೆ ಹೋಗಿ, ಅಚ್ಚಿನಲ್ಲಿ ತೆಗೆದು ಬಣ್ಣ ಬಳಿದ ಬಿಳಿ ಎತ್ತುಗಳ ಜೋಡಿ ತಂದೆ. ಕೂಸು ಮಾಡಿದವನ್ನು ತೆಗೆದು ಹಿತ್ತಿಲ ಬಕೀಟಿನ ನೀರಿಗೆ ಹಾಕಿದೆ. ಬೇಗ ಕರಗಲೆಂದು ಕೈ ಮುಳುಗಿಸಿ ಹಿಸುಕಿದೆ. ಹೌದು, ಹಿಸುಕಿದೆ.

ಶ್ರಾವಣಿ ಸ್ನಾನ ಮುಗಿಸಿ ಬಂದಳು. ಬಣ್ಣದ ಎತ್ತು ನೋಡಿದಳು. ಅಳಲಿಲ್ಲ. ಮನೆಯೆಲ್ಲ ಹುಡುಕುತ್ತ ಹಿತ್ತಿಲಿಗೆ ಹೋಗಿ ಬಕೀಟಿನ ರಾಡಿ ನೀರಿನಲ್ಲಿ ರಟ್ಟೆಯವರೆಗೆ ಕೈ ಇಳಿಸಿ ತಳದಲ್ಲಿ ತಡವರಿಸತೊಡಗಿದಳು. ಬಹಳ ಹೊತ್ತು ತಡವರಿಸಿದಳು. ಏನೂ ಸಿಗಲಿಲ್ಲ.

ಕಾಶಿಬಾಯಿ ಆ ಬಕೀಟನ್ನು ತಂದು ನನ್ನ ಮುಂದಿಟ್ಟರು.

"ಬೀಗ್ರ, ಇದರಾಗಿಂದ ಆ ಎತ್ತು ತಿರುಗಿ ಮಾಡಿ ಕೊಡ್ರಿ."

"ಏನ್ ಮಾತಾಡಾಕತ್ತೀರಿ? ಕಾಲಿಲ್ಲದ ಎತ್ತು ಅವು."

"ಕಾಲಿದ್ದುವು. ಹೊಲದಾಗ ದುಡದು ದಣದು, ಕಾಲು ಹೊಟ್ಟಿ ಕೆಳಗ ಮಡಚಿಕೊಂಡು ಮಕ್ಕೊಂಡಿದ್ದುವು. ಕೂಸು ಮೂರು ದಿನದಿಂದ ಅದನ್ನ ಹೇಳೈತಿ. ನೀವು ಕಿವಿ ಕೊಟ್ಟಿಲ್ಲ. ಒಕ್ಕಲತನದ ಮನ್ಯಾಗ ಹುಟ್ಟಿ ಮಕ್ಕೊಂಡ ಎತ್ತು ಗುರ್ತು ಹಿಡೀಲಿಲ್ಲಲ್ರಿ!"

ಹೌದಲ್ಲ ಎನ್ನಿಸಿತು. ಹೌದೆನ್ನಿಸಿದ್ದಕ್ಕೇ ಸಿಟ್ಟು ಬಂತು. 'ರಿ' ಬಿಟ್ಟು ಮಾತಾಡಿದೆ. "ಮಗಳ ಮನ್ಯಾಗ ಕುಂತು ಬಿಟ್ಟಿ ಕೂಳ ತಿನ್ನಾಕಿ ನೀ. ನನಗ ಬುದ್ಧಿ ಹೇಳ್ತಿ?"

ಕೂಸು ನಡುವೆ ನಿಂತಿತ್ತು. ಕಾಶಿಬಾಯಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. ದನಿ ಏರಿಸಲಿಲ್ಲ.

"ಉಂಡೀನಿ. ನಾಚಿಗಿ ಇಲ್ಲ ನನಗ. ಉಂಡಿದ್ದರ ಎರಡರಷ್ಟು ಈ ಕೂಸಿನ ಬೆರಳಿನ್ಯಾಗ ಇಟ್ಟೀನಿ. ಅದನ್ನ ಬಕೀಟಿನ್ಯಾಗ ಕರಗಸಾಕ ನಿಮ್ಮ ಕೈಲೆ ಆಗೂದಿಲ್ಲ."

ಮಧ್ಯಾಹ್ನದ ಬಸ್ಸಿಗೆ ಟಿಕೋಟಾಕ್ಕೆ ಹೋದರು. ಸಂಜೆ ಸೊಸೆ ಕೇಳಿದಾಗ, ದ್ರಾಕ್ಷಿ ಕಟಾವು ಶುರುವಾಯಿತೆಂದು ಹೋದರು ಎಂದೆ. ಸುನಂದಾ ನನ್ನ ಮುಖ ನೋಡಿದಳು. "ಮಾವಾರ, ನಾ ಟಿಕೋಟಾದಾಕಿ. ಮುಂಗಾರಿನ್ಯಾಗ ಯಾವ ದ್ರಾಕ್ಷಿರಿ?" ಫೋನು ಮಾಡಿ ತಾಯಿಯನ್ನು ಕೇಳಿದಳಂತೆ. 'ನಿಮ್ಮ ಮಾವನ ಬಾಯಿಲೆ ಕೇಳು' ಎಂದು ಅವರು ಫೋನು ಇಟ್ಟರಂತೆ. ಅವಳು ಕೇಳಿದಳು. ನಾನು ಹೇಳಲಿಲ್ಲ. ಮಗ, ಸೊಸೆ ಸರದಿಯ ಮೇಲೆ ರಜೆ ಹಾಕುತ್ತ, ಕೂಸನ್ನು ನೆರೆಮನೆಗೆ ಬಿಡುತ್ತ ದಿನ ಕಳೆದರು. ನಾನು ಮಧ್ಯಾಹ್ನ ಮಧ್ಯಾಹ್ನ ಅದನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸಿದೆ.

ಕಾಶಿಬಾಯಿ ಒಂದು ವಿಷಯದಲ್ಲಿ ತಪ್ಪಿದ್ದರು. ಬಕೀಟಿನಲ್ಲಿ ಎಲ್ಲವೂ ಕರಗುತ್ತದೆ. ದೀಪಾವಳಿಯ ಹೊತ್ತಿಗೆ ಶ್ರಾವಣಿ ಏನನ್ನು ಹಿಡಿಯುವ ಮೊದಲೂ ನನ್ನ ಮುಖ ನೋಡಿ ಕೇಳತೊಡಗಿದ್ದಳು: "ಮುಟ್ಲೇನ ಮುತ್ಯಾ?" ಚೆಂಡಿಗೂ ಅದೇ, ಚಪ್ಪಲಿಗೂ ಅದೇ, ತನ್ನ ತಾಟಿನ ರೊಟ್ಟಿಗೂ ಅದೇ. ಎಂಥ ಶಿಸ್ತಿನ ಕೂಸು ಎಂದು ಬಸಪ್ಪ ಹೊಗಳಿದ. ನಾನು ಬೀಗಿದೆ.

ಬೇಸಿಗೆಯ ಹೊಸ್ತಿಲಲ್ಲಿ ಶಾಲೆಯವರು ಕರೆದರು. ಎ ಬಿ ಸಿ ಡಿ ಪಟಪಟನೆ ಹೇಳಿದಳು. ಆಮೇಲೆ ಅಲ್ಲಿನ ಮೇಡಂ ಕಟ್ಟಿಗೆಯ ಬಣ್ಣದ ತುಂಡುಗಳನ್ನು ಮೇಜಿನ ಮೇಲೆ ಸುರಿದು, "ನಿನಗೆ ಬೇಕಾದ್ದು ಮಾಡು ಪುಟ್ಟಿ" ಎಂದರು. ಶ್ರಾವಣಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು. "ಮುಟ್ಲೇನ ಮುತ್ಯಾ?" ಮುಟ್ಟು ಎಂದೆ. ಒಂದು ತುಂಡು ಮುಟ್ಟಿದಳು. ಮತ್ತೆ ತಿರುಗಿದಳು. "ಇದು ಮುಟ್ಲೇನ?" ಸೀಟು ಸಿಕ್ಕಿತು. ಆಟೋದಲ್ಲಿ ಬರುವಾಗ ಅವಳ ಅಂಗೈ ನನ್ನ ಅಂಗೈಯಲ್ಲಿತ್ತು. ಅದರಲ್ಲಿ ಹಿಡಿತವೇ ಇರಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಮರುದಿನ ಟಿಕೋಟಾಕ್ಕೆ ಹೋದೆ. ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಮಣೂಕ ಆರಿಸುತ್ತಿದ್ದರು. ಒಬ್ಬಾಕೆ ನನ್ನ ಗುರುತು ಹಿಡಿದಳು. "ಯವ್ವಾ, ಕಂಡಕ್ಟರ್ ಸಾಹೇಬ್ರು ಬಂದಾರ, ಮುಂದ ಸರೀರಿ ಎಲ್ಲಾರೂ!" ನಗೆ ಎದ್ದಿತು. ಕಾಶಿಬಾಯಿ ನಗಲಿಲ್ಲ, ಆರಿಸುವುದನ್ನು ನಿಲ್ಲಿಸಲೂ ಇಲ್ಲ.

"ತಪ್ಪಾಗೈತ್ರಿ," ಎಂದೆ.

"ಯಾವುದು?"

"ಅವತ್ತು ಆಡಿದ ಮಾತು."

"ಅಷ್ಟ?"

ಅವರು ಮಣೂಕ ಆರಿಸುತ್ತಲೇ ಇದ್ದರು. ಕೊನೆಗೆ ನಾನೇ, "ಎತ್ತಿಂದು" ಎಂದೆ. ಶಾಲೆಯಲ್ಲಿ ಆದದ್ದನ್ನೂ ಹೇಳಿದೆ. ಅವರ ಬೆರಳು ನಿಂತವು.

"ಸುನಂದಾಗ ಹೇಳೀರೇನು?"

"ಇಲ್ಲ."

"ಮೊದಲ ಅಲ್ಲಿ ಹೇಳ್ರಿ. ನಾ ಹೇಳಿದ್ರ ಚಾಡಿ ಅಕ್ಕೈತಿ."

"ಹೇಳ್ತೀನಿ. ನೀವು ಮನಿಗೆ ಬರ್ರಿ."

"ನಾ ಆ ಹೊಸ್ತಿಲಾ ತುಳಿಯೂದಿಲ್ಲ. ಕಾಲು ಹಿಡದ್ರೂ ಇಲ್ಲ. ಕೂಸಿನ್ನ ಕರ್ಕೊಂಡು ಬರ್ರಿ, ಪ್ರತಿ ಶನಿವಾರ. ಇಲ್ಲಿ ಬಂದಾಗ ನೀವು ಸೀಟಿ ಊದಂಗಿಲ್ಲ."

ಸೊಸೆಗೆ ಅಂದೇ ಎಲ್ಲ ಹೇಳಿದೆ. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. ಹನ್ನೊಂದು ದಿನ ನನ್ನೊಡನೆ ಮಾತಿಲ್ಲದೆ ಬಡಿಸಿದಳು. ಹನ್ನೆರಡನೆಯ ದಿನ, "ಮಾವಾರ, ಶನಿವಾರ ಎಷ್ಟು ಗಂಟೆಗೈತಿ ಬಸ್ಸು?" ಎಂದಳು.

ಟಿಕೋಟಾದ ಅಂಗಳದಲ್ಲಿ ಕರಿ ಮಣ್ಣಿನ ಗುಡ್ಡೆ, ಪಕ್ಕದಲ್ಲಿ ನೀರಿನ ಬೋಗುಣಿ. ಶ್ರಾವಣಿ ಎದುರಿಗೆ ನಿಂತು ಕೇಳಿದಳು. "ಮುಟ್ಲೇನ ಆಯಿ?" ಕಾಶಿಬಾಯಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತಮ್ಮ ಪಾಲಿನ ಮಣ್ಣು ನಾದುತ್ತ ಕೂತರು. ನಾನು 'ಮುಟ್ಟು ಬಾಳಾ' ಎನ್ನಲು ಬಾಯಿ ತೆರೆದರೆ ಕಣ್ಣು ಬಿಟ್ಟರು.

"ಮುಟ್ಟು ಅಂದ್ರ ಏನಾಗ್ತದ್ರಿ?" ಎಂದು ಆಮೇಲೆ ಕೇಳಿದೆ.

"ಇವತ್ತ ಮುಟ್ಟು ಅನ್ನಾವ್ರು ನಾಳೆ ಮುಟ್ಟಬ್ಯಾಡ ಅಂತೀರಿ. ಆ ಕೀಲಿ ನಿಮ್ಮ ಕಿಸೆದಾಗ ಇರಬಾರ್ದು. ನನ್ನ ಸೆರಗಿನ್ಯಾಗೂ ಬ್ಯಾಡ."

ಎಷ್ಟೋ ಶನಿವಾರ ಕೂಸು ಬರೀ ನಿಂತು ನೋಡಿ ತಿರುಗಿ ಬಂತು. ನಡುವೆ ಮಣ್ಣೆತ್ತಿನ ಅಮವಾಸ್ಯೆಯೂ ಬಂದು ಹೋಯಿತು. ಅಂದೂ ಮುಟ್ಟಲಿಲ್ಲ. ನನಗೆ ಸಾಕಾಗಿತ್ತು, ಕಾಶಿಬಾಯಿಗೆ ಸಾಕಾಗಲಿಲ್ಲ. ದಸರೆಯ ಸೂಟಿಯಲ್ಲಿ ಒಂದು ಮಧ್ಯಾಹ್ನ ಶ್ರಾವಣಿ ಯಾರ ಮುಖವನ್ನೂ ನೋಡದೆ ಕೂತಳು, ಎರಡೂ ಕೈ ಮಣ್ಣಿಗೆ ಹಾಕಿದಳು. ಸಂಜೆಯವರೆಗೆ ಏನೋ ಮಾಡಿದಳು. ಏನದು ಎಂದು ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಕಾಶಿಬಾಯಿ ಎದ್ದು ಒಳಗೆ ಹೋದವರು ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದರು.

ಚಳಿ ಶುರುವಾದಾಗ ಒಂದು ಶನಿವಾರ ಕಾಶಿಬಾಯಿ ನಮ್ಮನ್ನು ಕಳಿಸಲು ಬಸ್ಸಿನವರೆಗೆ ಬಂದರು. "ನನ್ನ ಮಾಫ್ ಮಾಡೀರೇನ್ರಿ?" ಎಂದು ಕೇಳಿದೆ.

"ಇಲ್ರಿ," ಎಂದು ನಕ್ಕರು. "ಎತ್ತು ನಂದಲ್ಲ. ಯಾರದೈತಿ ಅವರಿಗೆ ಕೇಳ್ರಿ."

ಅದೇ ಕೊನೆಯ ಭೇಟಿ. ಮುಂದಿನ ಶನಿವಾರದೊಳಗೆ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಶ್ರಾವಣಿಗೆ ಆ ಎತ್ತುಗಳ ನೆನಪೇ ಇಲ್ಲ. ನೆನಪಿಲ್ಲದವರ ಹತ್ತಿರ ಕ್ಷಮೆ ಕೇಳಿ ಪಡೆಯುವುದು ಕಳ್ಳತನ. ಹಾಗಾಗಿ ಕೇಳಿಲ್ಲ, ಕೇಳುವುದೂ ಇಲ್ಲ. ನನ್ನ ತಪ್ಪು ನನ್ನ ಹತ್ತಿರವೇ ಇರಲಿ.

ಈಗ ಅವಳು ಒಂದನೆಯ ತರಗತಿ. ಹೋದ ವಾರ ಶಾಲೆಯ ಡೈರಿಯಲ್ಲಿ ಕೆಂಪು ಅಕ್ಷರದಲ್ಲಿ ಬರೆದು ಕಳಿಸಿದ್ದರು: ನಿಮ್ಮ ಮಗು ಮೊದಲು ಬಹಳ ಶಿಸ್ತಿನಿಂದ ಇತ್ತು, ಈಗ ಕೇಳದೆ ಎಲ್ಲವನ್ನೂ ಮುಟ್ಟುತ್ತದೆ, ಬಿಚ್ಚುತ್ತದೆ, ಮನೆಯಲ್ಲಿ ತಿದ್ದಿರಿ, ಹಿರಿಯರು ಸಹಿ ಮಾಡಿರಿ. ಸೊಸೆ ಪೆನ್ನು ತಂದು ನನ್ನ ಕೈಗೆ ಕೊಟ್ಟಳು. ಸಹಿಯ ಮೇಲೆ ಜಾಗವಿತ್ತು. ಬರೆದೆ:

"ಕೇಳಿ ಮುಟ್ಟುವುದನ್ನು ಇವಳಿಗೆ ನಾನೇ ಒಮ್ಮೆ ಕಲಿಸಿದ್ದೆ. ಅದನ್ನು ಬಿಡಿಸಲು ಒಬ್ಬ ಹೆಣ್ಣುಮಗಳ ಕೊನೆಯ ವರ್ಷ ಹಿಡಿಯಿತು. ಮತ್ತೆ ಕಲಿಸುವುದಿಲ್ಲ."