ತಂಗಿಯ ಪಾಲಿನ ಪುಸ್ತಕ

ನಾನು ಹುಡುಗನಾಗಿದ್ದಾಗ ಸೂಪರ್‌ಹೀರೊ ಅಣ್ಣ-ತಂಗಿಯರ ಕಾಮಿಕ್ಸ್ ಎರಡು ಮಾಲೆಗಳಲ್ಲಿ ಬರುತ್ತಿದ್ದವು. ಅಣ್ಣನ ಪುಸ್ತಕದಲ್ಲಿ ಶುರುವಾದ ಕಥೆ ತಂಗಿಯ ಪುಸ್ತಕದಲ್ಲಿ ಮುಗಿಯುತ್ತಿತ್ತು. ಹೈಸ್ಕೂಲಿನಲ್ಲಿದ್ದಾಗ ಶಿಗ್ಗಾಂವಿಯ ನಾನೂ ಸವಣೂರಿನ ಗೆಳೆಯನೂ ಒಂದು ಕರಾರು ಮಾಡಿಕೊಂಡೆವು. ಅಣ್ಣ ನನ್ನ ಪಾಲು, ತಂಗಿ ಅವನ ಪಾಲು. ಭಾನುವಾರ ಬಸ್ಸು ಹತ್ತಿ ಹಾನಗಲ್ಲು, ಹಿರೇಕೆರೂರಿನ ರದ್ದಿ ಅಂಗಡಿಗಳಲ್ಲಿ ಹುಡುಕುತ್ತಿದ್ದೆವು. ಯಾವುದು ಎಲ್ಲಿ, ಯಾವ ತಾರೀಖಿಗೆ ಸಿಕ್ಕಿತೆಂದು ನಾನು ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಇಷ್ಟು ವರ್ಷಗಳಲ್ಲಿ ನನ್ನವು ನಲವತ್ತೊಂದು, ಅವನವು ಮೂವತ್ತೆಂಟು ಆಗಿದ್ದವು. ಕಥೆಯ ಕೊನೆ ಬೇಕೆಂದರೆ ನಾನು ಅವನ ಮನೆಗೇ ಹೋಗಬೇಕಿತ್ತು.

ಹೋದ ತಿಂಗಳು ಹೋದರೆ ಅವನ ಕಪಾಟು ಖಾಲಿಯಿತ್ತು.

"ಹುಬ್ಬಳ್ಳ್ಯಾಗ ಒಬ್ಬಾಂವ ಈ ಪುಸ್ತಕ ಕೂಡಸ್ತಾನ. ಎಲ್ಲಾ ಅವಗ ಕೊಟ್ಟಬಿಟ್ಟೆ" ಅಂದ.

"ನನಗ ಒಂದ ಮಾತು ಕೇಳಬೇಕಿತ್ತಲ್ಲೋ."

"ನನ್ನ ಪಾಲು ನಾ ಕೊಟ್ಟೆ. ನಿನ್ನವೂ ಕೊಟ್ಟಬಿಡೋ, ಅಂವ ಕೇಳಾಕತ್ತಾನ. ಅಣ್ಣ-ತಂಗಿ ಅಲ್ಲ್ಯಾದ್ರೂ ಒಂದ ಕಡೆ ಇರ್ತಾರ" ಎಂದು ನಕ್ಕ.

ಅವನ ಮನೆಯವರು ತಂದಿಟ್ಟ ಚಹಾ ಮುಟ್ಟದೆ ಎದ್ದು ಬಂದೆ.

ಮೊನ್ನೆ ಭಾನುವಾರ ಹಿರೇಕೆರೂರಿಗೆ ಒಬ್ಬನೇ ಹೋದೆ. ರದ್ದಿಯಲ್ಲಿ ತಂಗಿಯ ಪುಸ್ತಕವೊಂದು ಸಿಕ್ಕಿತು. ಇಬ್ಬರೂ ವರ್ಷಗಟ್ಟಲೆ ಹುಡುಕಿದ್ದು ಅದನ್ನೇ. ನಾವು ಎಂದೂ ಪೂರ್ತಿ ಓದದ ಒಂದು ಕಥೆಯ ಕೊನೆ ಅದರಲ್ಲಿತ್ತು. ಹಾಳೆ ತಿರುವದೆ ಅಲ್ಲೇ ಇಟ್ಟೆ. ಅದು ಅವನ ಪಾಲಿನದು.

ಮನೆಗೆ ಬಂದು ದಿನಚರಿಯಲ್ಲಿ ಊರು, ತಾರೀಖು ಬರೆದೆ. ಅದರ ಮುಂದೆ 'ಏನೂ ಸಿಗಲಿಲ್ಲ' ಎಂದು ಬರೆದೆ.